ಚಿಕ್ಕಮ್ಮನ ರಿಪೋರ್ಟಿನಲ್ಲಿ ‘ಪೋಲ್-ಈ ಮ್ಯುಟೇಶನ್’ ಇದೆಯಂತೆ, ಅದು ಒಳ್ಳೆಯದಂತೆ! ಯಾರಾದರೂ ಬಿಡಿಸಿ ಹೇಳ್ತೀರಾ?

ಬೆಣ್ಣೆದೋಸೆ ಬರೆದದ್ದು:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ಬೇಜಾರು ಮಾಡ್ಕೋಬೇಡಿ.

ನಮ್ಮ ಚಿಕ್ಕಮ್ಮನಿಗೆ 61 ವರ್ಷ. ಮುಟ್ಟು ನಿಂತು ಹತ್ತು ವರ್ಷದ ಮೇಲೆ ಮತ್ತೆ ರಕ್ತ ಕಾಣಿಸಿಕೊಂಡಿತು. ಯಾರಿಗೂ ಹೇಳಲಿಲ್ಲ. ಉಷ್ಣ ಆಗಿರಬೇಕು ಅಂತ ಜೀರಿಗೆ ನೀರು ಕುಡಿದುಕೊಂಡು ಎರಡು ತಿಂಗಳು ತಳ್ಳಿದರು. ಆಮೇಲೆ ನಮ್ಮಕ್ಕನ ಹತ್ತಿರ ಬಾಯಿಬಿಟ್ಟರು. ಸ್ಕ್ಯಾನ್, ಬಯಾಪ್ಸಿ ಎಲ್ಲ ಆಗಿ ಗರ್ಭಕೋಶದ ಒಳಪದರದ ಕ್ಯಾನ್ಸರ್ ಅಂತ ಬಂತು. ಗರ್ಭಕೋಶ, ಅಂಡಾಶಯ ಎಲ್ಲ ತೆಗೆದು ಈಗ ಎರಡು ತಿಂಗಳಾಯ್ತು.

ಆಪರೇಷನ್ ಆದಮೇಲೆ ಬಂದ ರಿಪೋರ್ಟಿನಲ್ಲಿ ಗ್ರೇಡ್ 3, ಗೋಡೆಯಲ್ಲಿ ಅರ್ಧಕ್ಕಿಂತ ಜಾಸ್ತಿ ಆಳಕ್ಕೆ ಇಳಿದಿದೆ ಅಂತ ಇತ್ತು. ಲಿಂಫ್ ಗಂಟುಗಳಲ್ಲಿ ಏನೂ ಇಲ್ಲ. ಗ್ರೇಡ್ 3 ಅಂದರೆ ಕೆಟ್ಟದ್ದು, ರೇಡಿಯೇಷನ್ ಬೇಕಾಗಬಹುದು ಅಂದರು. ನಾವು ಮಾನಸಿಕವಾಗಿ ತಯಾರಾದೆವು, ಬೆಂಗಳೂರಿನಲ್ಲಿ ಐದಾರು ವಾರ ಉಳಿಯೋಕೆ ಅಂತ ಒಂದು ರೂಮನ್ನೂ ನೋಡಿ ಬಂದೆ. ಅಷ್ಟರಲ್ಲಿ ಜೀನ್ ಟೆಸ್ಟ್ ರಿಪೋರ್ಟ್ ಬಂತು. ಅದರಲ್ಲಿ ‘ಪೋಲ್-ಈ, ಪಿ286ಆರ್’ ಅಂತ ಇದೆ. ಡಾಕ್ಟರ್ ಅದನ್ನು ನೋಡಿ ನಕ್ಕರು! ‘ಇದು ಬಂದಿದ್ದು ಒಳ್ಳೆಯದಾಯ್ತಮ್ಮ, ರೇಡಿಯೇಷನ್ ಬೇಡ, ಮೂರು ತಿಂಗಳಿಗೊಮ್ಮೆ ಬಂದು ತೋರಿಸಿ’ ಅಂದರು. ಹೊರಗೆ ನಲವತ್ತು ಜನ ಕಾಯ್ತಾ ಇದ್ದರು, ನಮಗೆ ಸಿಕ್ಕಿದ್ದು ಐದು ನಿಮಿಷ.

ಮನೆಗೆ ಬಂದು ಗೂಗಲ್ ಮಾಡಿದೆ. ಪೋಲ್-ಈ ಅಂದರೆ ಡಿಎನ್‌ಎ ನಕಲು ಮಾಡುವ ಪ್ರೋಟೀನಂತೆ, ಅದು ಕೆಟ್ಟರೆ ತಪ್ಪುಗಳ ರಾಶಿ ಬೀಳುತ್ತದಂತೆ, ಈ ಥರದ ಗಡ್ಡೆಗಳಿಗೆ ‘ಅಲ್ಟ್ರಾಮ್ಯುಟೇಟೆಡ್’ ಅಂತಲೇ ಹೆಸರಂತೆ. ಕ್ಯಾನ್ಸರ್ ಬರೋದೇ ಮ್ಯುಟೇಶನ್‌ನಿಂದ, ಅಂದರೆ ಡಿಎನ್‌ಎಯಲ್ಲಿ ಆಗುವ ಇಂಥ ತಪ್ಪುಗಳಿಂದ, ಅಂತಾರೆ. ಹಾಗಿದ್ದ ಮೇಲೆ ಅತಿ ಜಾಸ್ತಿ ಮ್ಯುಟೇಶನ್ ಇರೋದು ಒಳ್ಳೆಯದು ಹೇಗಾಗುತ್ತೆ? ನಾನು ಅಕೌಂಟ್ಸ್‌ನವನು, ನನಗಂತೂ ಈ ಲೆಕ್ಕ ತಾಳೆ ಆಗ್ತಿಲ್ಲ. ಇನ್ನೊಂದು, ಇದು ವಂಶದಲ್ಲಿ ಹರಿದು ಬರುವಂಥದ್ದಾ? ಚಿಕ್ಕಮ್ಮನಿಗೆ ಇಬ್ಬರು ಹೆಣ್ಣುಮಕ್ಕಳು.

ಚಿಕ್ಕಮ್ಮನ ಕಿವಿಗೆ ಬಿದ್ದದ್ದು ‘ಪೋಲಿ’ ಅಂತ. ‘ಅರವತ್ತು ವರ್ಷ ಮರ್ಯಾದೆಯಾಗಿ ಬಾಳಿದೆ, ಕೊನೆಗೆ ನನ್ನ ಹೊಟ್ಟೆಯಲ್ಲಿ ಪೋಲಿ ಬಂತಲ್ಲೋ’ ಅಂತ ನಗ್ತಾರೆ. ರಾತ್ರಿ ಮಾತ್ರ ನಿದ್ದೆ ಮಾಡಲ್ಲ.

ಅರಳಿಕಟ್ಟೆ ಬರೆದದ್ದು:

ಬೇಜಾರು ಮಾಡ್ಕೋಬೇಡಿ, ನೇರವಾಗಿ ಹೇಳ್ತೀನಿ. ಗ್ರೇಡ್ 3 ಇಟ್ಕೊಂಡು ರೇಡಿಯೇಷನ್ ಬೇಡ ಅನ್ನೋದು ಎಲ್ಲೂ ಕೇಳಿಲ್ಲ. ನಮ್ಮ ಸೋದರತ್ತೆಗೆ ಗ್ರೇಡ್ 2ಕ್ಕೇ ಕೊಟ್ಟಿದ್ದರು. ಒಂದೋ ಮಷೀನ್ ಕೆಟ್ಟಿರಬೇಕು, ಇಲ್ಲಾ ಅವರಿಗೆ ಆಸಕ್ತಿ ಇಲ್ಲ. ಬೇರೆ ಕಡೆ ತೋರಿಸಿ. ಸುಮ್ನೆ ಕೂತರೆ ಕಷ್ಟ.

ಗುಲಾಬಿನೀಲಿ ಬರೆದದ್ದು:

ಅರಳಿಕಟ್ಟೆ ಅವರೇ, ಸ್ವಲ್ಪ ತಡೀರಿ. ನಾನು ಪೆಥಾಲಜಿಯವಳು, ದಿನಾ ಇಂಥ ಸ್ಲೈಡ್ ನೋಡುವುದೇ ಕೆಲಸ. ನಿಮ್ಮ ಸೋದರತ್ತೆಯ ಕಾಲಕ್ಕೆ ಅದು ಸರಿಯೇ ಇತ್ತು. ಈಗ ಗ್ರೇಡ್ ಒಂದನ್ನೇ ನೋಡಿ ತೀರ್ಮಾನ ಮಾಡೋದಿಲ್ಲ.

ಬೆಣ್ಣೆದೋಸೆ ಅವರೇ, ನಿಮ್ಮ ಡಾಕ್ಟರ್ ಹೇಳಿದ್ದು ಈಗಿನ ನಿಯಮಕ್ಕೆ ಸರಿಯಾಗೇ ಇದೆ. 2013ರಲ್ಲಿ ಅಮೆರಿಕದ ಕ್ಯಾನ್ಸರ್ ಜೀನೋಮ್ ಅಟ್ಲಾಸ್‌ನವರು 373 ಗರ್ಭಕೋಶದ ಗಡ್ಡೆಗಳನ್ನು ಜೀನ್ ಮಟ್ಟದಲ್ಲಿ ಬಿಡಿಸಿ ನೋಡಿದರು. ಸೂಕ್ಷ್ಮದರ್ಶಕದಲ್ಲಿ ಒಂದೇ ಥರ ಕಾಣುವ ಗಡ್ಡೆಗಳು ಒಳಗೆ ನಾಲ್ಕು ಬೇರೆ ಬೇರೆ ಜಾತಿ ಅಂತ ಗೊತ್ತಾಯ್ತು. ಪೋಲ್-ಈ ಗುಂಪು ಅದರಲ್ಲಿ ಚಿಕ್ಕದು, ಸುಮಾರು 100ಕ್ಕೆ 7. ಸಾಮಾನ್ಯ ಗಡ್ಡೆಯಲ್ಲಿ ಡಿಎನ್‌ಎಯ 10 ಲಕ್ಷ ಅಕ್ಷರಕ್ಕೆ ಎರಡು ಮೂರು ತಪ್ಪಿದ್ದರೆ ಈ ಗುಂಪಿನಲ್ಲಿ 100ಕ್ಕಿಂತ ಜಾಸ್ತಿ. ಆದರೆ ಮತ್ತೆ ಕ್ಯಾನ್ಸರ್ ಬಂದವರು ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ.

ಆಮೇಲೆ ಪೋರ್ಟೆಕ್-3 ಅನ್ನುವ ದೊಡ್ಡ ಪ್ರಯೋಗದಲ್ಲಿ, ಅಪಾಯ ಜಾಸ್ತಿ ಅಂತಲೇ ಆರಿಸಿದ ಹೆಂಗಸರ ಗಡ್ಡೆಗಳನ್ನು ಇದೇ ಥರ ವಿಂಗಡಿಸಿದರು. ಆ ಲೆಕ್ಕ 2020ರಲ್ಲಿ ಬಂತು. ಐದು ವರ್ಷ ಕ್ಯಾನ್ಸರ್ ಮರುಕಳಿಸದೆ ಇದ್ದವರು ಪೋಲ್-ಈ ಗುಂಪಿನಲ್ಲಿ 100ಕ್ಕೆ 98. ಪಿ53 ಅನ್ನುವ ಇನ್ನೊಂದು ಜೀನ್ ಕೆಟ್ಟ ಗುಂಪಿನಲ್ಲಿ 48. ನೋಡಿ, ಎರಡೂ ಕಡೆ ಗ್ರೇಡ್ 3 ಅಂತಲೇ ಬರೆದಿರಬಹುದು! ಅದಕ್ಕೇ ಅದೇ ವರ್ಷ ಯುರೋಪಿನ ಮಾರ್ಗಸೂಚಿ, ಮೊದಲೆರಡು ಹಂತದ ಪೋಲ್-ಈ ಗಡ್ಡೆಗೆ ಆಪರೇಷನ್ ಆದಮೇಲೆ ಬೇರೆ ಚಿಕಿತ್ಸೆ ಬಿಡಬಹುದು ಅಂದಿತು. 2023ರಲ್ಲಿ ಫಿಗೋ, ಅಂದರೆ ಸ್ತ್ರೀರೋಗ ತಜ್ಞರ ಅಂತರರಾಷ್ಟ್ರೀಯ ಒಕ್ಕೂಟ, ಕ್ಯಾನ್ಸರಿನ ಹಂತಗಳನ್ನು ಬದಲಾಯಿಸಿದಾಗ ಇಂಥ ಗಡ್ಡೆ ಎಷ್ಟೇ ಆಳಕ್ಕೆ ಇಳಿದಿದ್ದರೂ, ಗರ್ಭಕೋಶದ ಎಲ್ಲೆ ದಾಟಿಲ್ಲ ಅಂದರೆ 1ಎ ಹಂತ ಅಂತಲೇ ಹಾಕಿದರು.

ಎರಡು ಎಚ್ಚರಿಕೆ ಮಾತ್ರ. ಪೋಲ್-ಈ ಜೀನಿನಲ್ಲಿ ಎಲ್ಲಿ ತಪ್ಪಿದ್ದರೂ ಇದು ಅನ್ವಯಿಸಲ್ಲ, ಕೆಲವು ಗೊತ್ತಾದ ಜಾಗಗಳು ಮಾತ್ರ. ಪಿ286ಆರ್ ಆ ಪಟ್ಟಿಯ ತಲೆಯಲ್ಲೇ ಇದೆ, ಎಲ್ಲಕ್ಕಿಂತ ಹೆಚ್ಚು ಸಿಗೋದೂ ಅದೇ. ಎರಡನೆಯದು, ಗಡ್ಡೆ ಗರ್ಭಕೋಶದ ಹೊರಗೆ ಹೋಗಿರಬಾರದು. ಲಿಂಫ್ ಗಂಟು ಖಾಲಿ ಅಂದಿರಿ, ಉಳಿದದ್ದೂ ರಿಪೋರ್ಟಿನಲ್ಲಿ ಇರುತ್ತೆ, ಒಂದು ಸಲ ಡಾಕ್ಟರ್ ಹತ್ತಿರ ಖಚಿತ ಮಾಡಿಕೊಳ್ಳಿ.

ಒಳ್ಳೆಯದು ಹೇಗೆ ಅಂತ ಕೇಳಿದಿರಲ್ಲ, ನಾನು ಕಣ್ಣಲ್ಲಿ ನೋಡಿದ್ದನ್ನು ಹೇಳ್ತೀನಿ. ಈ ಗಡ್ಡೆಯ ಸ್ಲೈಡ್ ಮೊದಲ ನೋಟಕ್ಕೆ ಹೆದರಿಸುತ್ತೆ. ಕೋಶಗಳು ಅಡ್ಡಾದಿಡ್ಡಿ, ನ್ಯೂಕ್ಲಿಯಸ್ ಒಂದೊಂದು ಕುಂಬಳಕಾಯಿ. ಆದರೆ ಸ್ಲೈಡನ್ನು ಆ ಕಡೆ ಈ ಕಡೆ ಸರಿಸಿದರೆ ಅವುಗಳ ಸುತ್ತಲೂ, ಎಷ್ಟೋ ಸಲ ಮಧ್ಯದಲ್ಲೂ, ಕಡುನೀಲಿ ಚುಕ್ಕಿಗಳು ಮುತ್ತಿಕೊಂಡಿರುತ್ತವೆ. ಒಗ್ಗರಣೆಗೆ ತೆಗೆದ ಸಾಸಿವೆ ಕೈಜಾರಿ ಚೆಲ್ಲಿದ ಹಾಗೆ. ಅವು ಲಿಂಫೋಸೈಟು, ನಮ್ಮದೇ ಕಾವಲುಪಡೆ. ಇಷ್ಟೊಂದು ತಪ್ಪಿರುವ ಕೋಶ ಇಷ್ಟೇ ವಿಚಿತ್ರ ಪ್ರೋಟೀನ್‌ಗಳನ್ನು ತಯಾರಿಸುತ್ತದೆ, ಅವುಗಳ ಚೂರುಗಳನ್ನು ಮೈಮೇಲೆ ಹೊತ್ತು ನಿಲ್ಲುತ್ತದೆ. ‘ಇವನು ನಮ್ಮವನಲ್ಲ’ ಅಂತ ಕಾವಲುಪಡೆಗೆ ದೂರದಿಂದಲೇ ಗೊತ್ತಾಗುತ್ತೆ. ಎರಡು ಮೂರೇ ತಪ್ಪು ಇರುವವನು ಮನೆಯವನ ಹಾಗೆ ಒಳಗೆ ಓಡಾಡಿಕೊಂಡು ಇರ್ತಾನೆ. ಜಾಸ್ತಿ ಅಪಾಯ ಅವನೇ.

ಯೀಸ್ಟ್‌ಹುಡುಗಿ ಬರೆದದ್ದು:

ಹಾ, ನನ್ನ ವಿಷಯ ಬಂತು! ನಾನು ಡಾಕ್ಟರ್ ಅಲ್ಲ, ಲ್ಯಾಬಿನಲ್ಲಿ ಯೀಸ್ಟ್ ಬೆಳೆಸಿಕೊಂಡು ಡಿಎನ್‌ಎ ನಕಲಿನ ಮೇಲೆ ಪಿಎಚ್‌ಡಿ ಮಾಡ್ತಿರೋಳು. ನಮ್ಮನೇಲಿ ಕೇಳಿದರೆ ‘ಅವಳು ದೋಸೆ ಹಿಟ್ಟು ಹುದುಗಿಸ್ತಾಳೆ’ ಅಂತಾರೆ. ಬೆಣ್ಣೆದೋಸೆ ಅವರು ಅಕೌಂಟ್ಸ್ ಅಂದರಲ್ಲ, ಲೆಕ್ಕದಲ್ಲೇ ಹೇಳ್ತೀನಿ.

ನಿಮ್ಮ ಒಂದು ಕೋಶದಲ್ಲಿ ಅಪ್ಪನಿಂದ 300 ಕೋಟಿ, ಅಮ್ಮನಿಂದ 300 ಕೋಟಿ, ಒಟ್ಟು ಸುಮಾರು 600 ಕೋಟಿ ಅಕ್ಷರ. ಕೋಶ ಎರಡಾಗೋ ಮೊದಲು ಅಷ್ಟನ್ನೂ ನಕಲು ಮಾಡಬೇಕು, ಸುಮಾರು 8 ಗಂಟೆಯಲ್ಲಿ. ನಮ್ಮಜ್ಜಿ ರಾಮಕೋಟಿ ಬರೀತಿದ್ದರು, ಬರೆಯೋಕೆ ಕೂತರೆ ಫೋನ್ ಬಂದರೂ ತಲೆ ಎತ್ತುತ್ತಿರಲಿಲ್ಲ, ಆದರೂ ಪುಟಕ್ಕೆ ಒಂದೆರಡು ಕಡೆ ‘ಶ್ರೀರಮ’ ಆಗಿರುತ್ತಿತ್ತು. ಇಲ್ಲೂ ಹಾಗೇ. ಬರೆಯುವ ಪ್ರೋಟೀನಿಗೆ ಪಾಲಿಮರೇಸ್ ಅಂತಾರೆ. ಅದು ಎಷ್ಟೇ ಹುಷಾರಾಗಿದ್ದರೂ ಸುಮಾರು 1 ಲಕ್ಷ ಅಕ್ಷರಕ್ಕೆ ಒಂದು ತಪ್ಪು ಮಾಡುತ್ತೆ. 600 ಕೋಟಿಗೆ ಎಷ್ಟಾಯ್ತು? 60 ಸಾವಿರ ತಪ್ಪು, ಒಂದೇ ಸಲದ ನಕಲಿಗೆ. ಹೀಗೇ ಬಿಟ್ಟರೆ ನಾವ್ಯಾರೂ ಹುಟ್ಟುತ್ತಲೇ ಇರಲಿಲ್ಲ.

ಅದಕ್ಕೆ ಆ ಪ್ರೋಟೀನಿನ ಬೆನ್ನಿಗೇ ಒಂದು ರಬ್ಬರ್ ಇದೆ, ನಾವು ಸ್ಕೂಲಲ್ಲಿ ಇಟ್ಕೋತಿದ್ವಲ್ಲ, ತುದಿಯಲ್ಲಿ ರಬ್ಬರ್ ಇರುವ ಪೆನ್ಸಿಲ್, ಆ ಥರ. ತಪ್ಪು ಅಕ್ಷರ ಸೇರಿಸಿದ ಕೂಡಲೇ ಎಳೆಯ ತುದಿ ಸಡಿಲ ಆಗುತ್ತೆ, ಸಡಿಲ ಆದ ತುದಿ ಪಕ್ಕದ ಒಂದು ಗೂಡಿಗೆ ಜಾರುತ್ತೆ, ಅಲ್ಲಿ ಆ ಅಕ್ಷರ ಕತ್ತರಿಸಿ ಹೋಗುತ್ತೆ, ತುದಿ ವಾಪಸ್ ಬಂದು ಬರವಣಿಗೆ ಮುಂದುವರಿಯುತ್ತೆ. ಇಷ್ಟರಲ್ಲೇ ತಪ್ಪು ನೂರು ಪಟ್ಟು ಕಡಿಮೆ. ಆಮೇಲೂ ಉಳಿದ ತಪ್ಪನ್ನು ಹುಡುಕಿಕೊಂಡು ಇನ್ನೊಂದು ತಂಡ ಹಿಂದೆಯೇ ಬರುತ್ತೆ, ಎಂಎಸ್ಎಚ್2, ಎಂಎಲ್ಎಚ್1 ಅಂತೆಲ್ಲ ಹೆಸರು. ಅವು ಮುಗಿಸಿದ ಮೇಲೆ ಇಡೀ 600 ಕೋಟಿಯಲ್ಲಿ ಉಳಿಯೋದು ಬೆರಳೆಣಿಕೆಯ ತಪ್ಪು.

ಪೋಲ್-ಈ ಅಂದರೆ ಪಾಲಿಮರೇಸ್ ಎಪ್ಸಿಲಾನ್, ಡಿಎನ್‌ಎಯ ಎರಡು ಎಳೆಯಲ್ಲಿ ಒಂದನ್ನು ನಿಲ್ಲದೆ ಬರೆದುಕೊಂಡು ಹೋಗುವವನು. ಪ್ರೋಟೀನ್ ಅಂದರೆ ಅಮೈನೋ ಆಮ್ಲ ಅನ್ನುವ ಮಣಿಗಳ ಸರ. ಪಿ286ಆರ್ ಅಂದರೆ ಅದರ 286ನೇ ಮಣಿಯಲ್ಲಿ ಪ್ರೋಲಿನ್ ಇರಬೇಕಾದ ಕಡೆ ಆರ್ಜಿನಿನ್ ಬಂದು ಕೂತಿದೆ. ಆರ್ಜಿನಿನ್ ಉದ್ದ ಕೈಯವನು. ಆ ಕೈ ಸರಿಯಾಗಿ ರಬ್ಬರ್ ಇರುವ ಗೂಡಿನ ಬಾಗಿಲಿಗೆ ಅಡ್ಡ ಬರುತ್ತೆ. ತಪ್ಪು ತುದಿ ಒಳಗೆ ಹೋಗೋಕೆ ಆಗಲ್ಲ. ಹೋಗಲಿ ಅಂತ ಬರೆಯೋದನ್ನಾದರೂ ನಿಲ್ಲಿಸುತ್ತಾ? ಇಲ್ಲ, ತಪ್ಪಿನ ಮೇಲೇ ಮುಂದುವರಿಸುತ್ತೆ. ಮಜಾ ಅಂದರೆ ಯೀಸ್ಟಿನಲ್ಲಿ ರಬ್ಬರನ್ನೇ ಪೂರ್ತಿ ಕೆಡಿಸಿದರೂ ಇಷ್ಟು ತಪ್ಪು ಬರಲ್ಲ, ಈ ಒಂದು ಮಣಿ ಬದಲಾದರೆ ಅದಕ್ಕಿಂತ ಎಷ್ಟೋ ಪಾಲು ಜಾಸ್ತಿ. ರಬ್ಬರ್ ಇಲ್ಲದ ಗುಮಾಸ್ತನಿಗಿಂತ, ತಿದ್ದೋಕೆ ಬಂದವರಿಗೂ ಅಡ್ಡ ನಿಂತು ಬರೆಯುತ್ತಲೇ ಹೋಗುವ ಗುಮಾಸ್ತ ಹೆಚ್ಚು ಅಪಾಯ. ಚಿಕ್ಕಮ್ಮ ಪೋಲಿ ಅಂದಿದ್ದು ಸರಿಯಾಗೇ ಇದೆ :)

ವಂಶದ ಪ್ರಶ್ನೆ. ಪಿ286ಆರ್ ಸಾಮಾನ್ಯವಾಗಿ ಗಡ್ಡೆಯ ಕೋಶದಲ್ಲಿ ಮಾತ್ರ ಹುಟ್ಟಿಕೊಂಡ ತಪ್ಪು, ಮಕ್ಕಳಿಗೆ ಹೋಗುವಂಥದ್ದಲ್ಲ. ವಂಶದಲ್ಲಿ ಬರುವ ಪೋಲ್-ಈ ತಪ್ಪು ಬೇರೆ ಜಾಗದ್ದು, ಎಲ್424ವಿ ಅಂತ, 2013ರಲ್ಲಿ ಗೊತ್ತಾಯ್ತು. ಅದಿರುವ ಮನೆಗಳಲ್ಲಿ ದೊಡ್ಡ ಕರುಳಿನಲ್ಲಿ ಪಾಲಿಪ್ (ಒಳಗೋಡೆಯಲ್ಲಿ ಏಳುವ ಸಣ್ಣ ಗಂಟು) ಮತ್ತು ಕ್ಯಾನ್ಸರ್ ಜಾಸ್ತಿ. ಪೋಲ್-ಡಿ1 ಅಂತ ಅದರ ತಮ್ಮ ಇದ್ದಾನೆ, ಅವನ ತಪ್ಪೂ ಹಾಗೇ ಬರುತ್ತೆ. ಅನುಮಾನ ಪೂರ್ತಿ ಬಗೆಹರಿಯಬೇಕು ಅಂದರೆ ರಕ್ತದಲ್ಲಿ ನೋಡಿದರೆ ಆಯ್ತು. ರಕ್ತದಲ್ಲಿ ಇಲ್ಲ ಅಂದರೆ ಚಿಕ್ಕಮ್ಮನ ಹೆಣ್ಣುಮಕ್ಕಳಿಗೆ ಈ ಕಡೆಯಿಂದ ಚಿಂತೆ ಇಲ್ಲ.

ಗುಲಾಬಿನೀಲಿ ಬರೆದದ್ದು:

ಯೀಸ್ಟ್‌ಹುಡುಗಿ ಹೇಳಿದ ಎಂಎಸ್ಎಚ್2 ತಂಡದ ಬಗ್ಗೆ ಒಂದು ಮಾತು, ಯಾಕೆಂದರೆ ಗರ್ಭಕೋಶದ ಕ್ಯಾನ್ಸರ್‌ನಲ್ಲಿ ವಂಶದ ವಿಷಯ ಬಂದರೆ ಮೊದಲು ನೋಡೋದು ಅದನ್ನೇ. ನಿಮ್ಮ ರಿಪೋರ್ಟಿನಲ್ಲೂ ‘ಎಂಎಂಆರ್ ಇಂಟ್ಯಾಕ್ಟ್’ ಅಂತ ಎಲ್ಲೋ ಇರಬೇಕು, ಹುಡುಕಿ. ಆ ತಿದ್ದುವ ತಂಡಕ್ಕೇ ಎಂಎಂಆರ್ ಅನ್ನೋದು, ಇಂಟ್ಯಾಕ್ಟ್ ಅಂದರೆ ಅದು ಸರಿಯಾಗಿದೆ ಅಂತ.

ಇದರ ಕಥೆ ಒಬ್ಬ ದರ್ಜಿ ಹೆಂಗಸಿನಿಂದ ಶುರು. 1895, ಅಮೆರಿಕದ ಆನ್ ಆರ್ಬರ್ ಊರು. ಅಲ್ಲಿನ ಪೆಥಾಲಜಿಸ್ಟ್ ಆಲ್‌ಡ್ರೆಡ್ ವಾರ್ಥಿನ್ ಹತ್ತಿರ ಅವಳು, ನಮ್ಮ ಮನೆಯಲ್ಲಿ ಎಲ್ಲರೂ ಕರುಳು, ಹೊಟ್ಟೆ, ಇಲ್ಲಾ ಗರ್ಭಕೋಶದ ಕ್ಯಾನ್ಸರ್‌ನಿಂದಲೇ ಸಾಯ್ತಾರೆ, ನಾನೂ ಹಾಗೇ ಹೋಗ್ತೀನಿ ಅಂದಳಂತೆ. ಆಮೇಲೆ ಗರ್ಭಕೋಶದ ಕ್ಯಾನ್ಸರ್‌ನಿಂದಲೇ ಹೋದಳು. ವಾರ್ಥಿನ್ ಅವಳ ಮಾತನ್ನು ತಳ್ಳಿಹಾಕಲಿಲ್ಲ, ವಂಶವೃಕ್ಷ ಬರೆದು 1913ರಲ್ಲಿ ಪ್ರಕಟಿಸಿದರು. ವಂಶದಲ್ಲಿ ಹರಿದು ಬರುವ ಈ ತೊಂದರೆಗೆ ಈಗ ಲಿಂಚ್ ಸಿಂಡ್ರೋಮ್ ಅಂತ ಹೆಸರು, ಆ ಮನೆತನದ ತಪ್ಪು ಎಂಎಸ್ಎಚ್2 ಜೀನಿನಲ್ಲಿ ಅಂತ ಗೊತ್ತಾಗೋಕೆ ಇನ್ನೂ ಎಂಬತ್ತು ವರ್ಷದ ಮೇಲೆ ಬೇಕಾಯ್ತು. ನಕಲು ತಿದ್ದುವ ತಂಡ ಕೆಟ್ಟರೆ ಏನಾಗುತ್ತೆ ಅನ್ನೋದನ್ನು ಒಬ್ಬ ಹೊಲಿಗೆಯವಳು ಡಿಎನ್‌ಎ ಅನ್ನುವ ಪದ ಕೇಳದೆಯೇ ಹೇಳಿಬಿಟ್ಟಿದ್ದಳು.

ಅದರಲ್ಲೂ ಅದೇ ವಿಚಿತ್ರ. ತಿದ್ದುವ ತಂಡ ಕೆಟ್ಟ ಗಡ್ಡೆಗಳಿಗೆ ತಪ್ಪು ಜಾಸ್ತಿ, ಆದ್ದರಿಂದ ಇಮ್ಯುನೋಥೆರಪಿ, ಅಂದರೆ ನಮ್ಮ ಕಾವಲುಪಡೆಯನ್ನು ಎಬ್ಬಿಸುವ ಚಿಕಿತ್ಸೆ, ಚೆನ್ನಾಗಿ ಹಿಡಿಯುತ್ತೆ. 2017ರಲ್ಲಿ ಅಮೆರಿಕದ ಎಫ್‌ಡಿಎ (ಔಷಧಿಗಳಿಗೆ ಒಪ್ಪಿಗೆ ಕೊಡುವ ಸರ್ಕಾರಿ ಸಂಸ್ಥೆ) ಪೆಂಬ್ರೋಲಿಜುಮಾಬ್ ಅನ್ನುವ ಇಂಥ ಔಷಧಿಗೆ, ಗಡ್ಡೆ ದೇಹದ ಯಾವ ಜಾಗದ್ದಾದರೂ ಸರಿ, ಈ ದೋಷ ಇದ್ದರೆ ಕೊಡಬಹುದು ಅಂತ ಒಪ್ಪಿಗೆ ಕೊಟ್ಟಿತು. ಅಂಗ ನೋಡದೆ ದೋಷ ನೋಡಿ ಕೊಟ್ಟ ಮೊದಲ ಒಪ್ಪಿಗೆ ಅದು.

ಬೆಣ್ಣೆದೋಸೆ ಬರೆದದ್ದು:

ಅಯ್ಯೋ, ಎಷ್ಟು ಹೊತ್ತು ಕೂತು ಬರೆದಿದ್ದೀರಿ ಇಬ್ಬರೂ. ತುಂಬಾ ಥ್ಯಾಂಕ್ಸ್ ಮೇಡಂ. 60 ಸಾವಿರದ ಲೆಕ್ಕ ತಾಳೆ ಆಯ್ತು. ರಿಪೋರ್ಟ್ ತೆಗೆದು ನೋಡಿದೆ, ಎಂಎಂಆರ್ ಇಂಟ್ಯಾಕ್ಟ್ ಅಂತ ಎರಡನೇ ಪುಟದ ಕೊನೆಗೆ ಇದೆ. ಎಂಎಂಆರ್ ಅಂದರೆ ಮಕ್ಕಳ ಲಸಿಕೆ ಅಂದುಕೊಂಡು ಬಿಟ್ಟಿದ್ದೆ!

ಇನ್ನೊಂದು ಕೇಳ್ತೀನಿ, ತಪ್ಪು ತಿಳಿಯಬೇಡಿ. ವಾಟ್ಸಾಪಿನಲ್ಲಿ ನಮ್ಮ ಭಾವ ಒಂದು ಕಳಿಸಿದ್ದಾರೆ, ಅಮೆರಿಕದಲ್ಲಿ ಡಿಎನ್‌ಎ ನಕಲಿನ ಪ್ರೋಟೀನನ್ನೇ ಹಿಡಿಯುವ ಮಾತ್ರೆ ಬಂದಿದೆ, ಎಲ್ಲಾ ಗಡ್ಡೆಯನ್ನೂ ಕೊಲ್ಲುತ್ತೆ, ಡಾಕ್ಟರುಗಳು ಮುಚ್ಚಿಡ್ತಿದ್ದಾರೆ ಅಂತ. ಮತ್ತೆ ಚಿಕ್ಕಮ್ಮ ಪದೇ ಪದೇ ಕೇಳೋದು, ‘ನಾನೇನು ತಪ್ಪು ಮಾಡಿದೆ, ಏನು ತಿಂದೆ’ ಅಂತ. ಏನು ಹೇಳಲಿ?

ಯೀಸ್ಟ್‌ಹುಡುಗಿ ಬರೆದದ್ದು:

ಭಾವ ಕಳಿಸಿದ್ದು ಎಒಎಚ್1996 ಇರಬೇಕು. 2023ರ ಆಗಸ್ಟಿನಲ್ಲಿ ಎಲ್ಲ ಕಡೆ ಹರಿದಾಡಿತು. ಕ್ಯಾಲಿಫೋರ್ನಿಯಾದ ಸಿಟಿ ಆಫ್ ಹೋಪ್ ಆಸ್ಪತ್ರೆಯವರು ಮಾಡಿದ್ದು. ಆ ಹೆಸರು 1996ರಲ್ಲಿ ಹುಟ್ಟಿ ಒಂಬತ್ತನೇ ವಯಸ್ಸಿಗೆ ಕ್ಯಾನ್ಸರ್‌ನಿಂದ ಹೋದ ಒಂದು ಹುಡುಗಿಯ ಹೆಸರಿನ ಮೊದಲಕ್ಷರಗಳು. ಅದು ಹಿಡಿಯೋದು ಪಿಸಿಎನ್‌ಎ ಅನ್ನುವ ಪ್ರೋಟೀನನ್ನು. ಇದು ಬಳೆಯ ಆಕಾರ. ಡಿಎನ್‌ಎ ಎಳೆ ಈ ಬಳೆಯೊಳಗೆ ಹಾದು ಹೋಗುತ್ತೆ, ಬರೆಯುವ ಪಾಲಿಮರೇಸ್ ಈ ಬಳೆಗೆ ಜೋತುಬಿದ್ದುಕೊಂಡು ಜಾರದೆ ಓಡುತ್ತೆ. ಮೊದಲು ಇದು ಸಿಕ್ಕಿದ್ದು ಕ್ಯಾನ್ಸರಿನಲ್ಲೂ ಅಲ್ಲ, 1978ರಲ್ಲಿ ಲೂಪಸ್ (ಕಾವಲುಪಡೆ ನಮ್ಮ ಮೈಮೇಲೇ ತಿರುಗಿಬೀಳುವ ಕಾಯಿಲೆ) ರೋಗಿಗಳ ರಕ್ತದಲ್ಲಿ ಅದರ ವಿರುದ್ಧದ ಆಂಟಿಬಾಡಿ ಸಿಕ್ಕಿತ್ತು.

ಮಾತ್ರೆ ಸುಳ್ಳಲ್ಲ. ಆದರೆ ಆಗ ಕೆಲಸ ಮಾಡಿ ತೋರಿಸಿದ್ದು ಡಬ್ಬಿಯಲ್ಲಿ ಬೆಳೆಸಿದ ಕೋಶಗಳಲ್ಲಿ, ಇಲಿಗಳಲ್ಲಿ. ಮನುಷ್ಯರಲ್ಲಿ ಶುರುವಾಗಿದ್ದು ಮೊದಲ ಹಂತ ಮಾತ್ರ, ಅಂದರೆ ಎಷ್ಟು ಕೊಟ್ಟರೆ ತಡೆಯುತ್ತೆ ಅಂತ ನೋಡೋದು. ನಕಲಿನ ಪ್ರೋಟೀನ್ ಹಿಡಿಯೋ ಔಷಧಿಗಳ ಕಷ್ಟ ಇದೇ, ನಮ್ಮ ಮೂಳೆಯ ಮಜ್ಜೆ, ಕರುಳು, ಕೂದಲ ಬೇರು, ಇವೂ ದಿನಾ ನಕಲು ಮಾಡುತ್ತಲೇ ಇರುತ್ತವೆ. ಕೀಮೋದಲ್ಲಿ ಕೂದಲು ಉದುರೋದು ಅದಕ್ಕೇ. ಮುಚ್ಚಿಡೋದು ಏನೂ ಇಲ್ಲ, ಹೆಸರಿನ ಸಮೇತ ಪೇಪರಿನಲ್ಲಿ ಬಂದಿದೆ.

ಇನ್ನು ಚಿಕ್ಕಮ್ಮನ ಪ್ರಶ್ನೆ. ತೊಮಾಸೆಟ್ಟಿ, ಲಿ ಮತ್ತು ವೋಗಲ್‌ಸ್ಟೀನ್ ಅಂತ ಮೂವರು ವಿಜ್ಞಾನಿಗಳು 2017ರಲ್ಲಿ ಒಂದು ಲೆಕ್ಕ ಹಾಕಿದರು. ಕ್ಯಾನ್ಸರಿನ ಗಡ್ಡೆಗಳಲ್ಲಿ ಕಾಣುವ ಮ್ಯುಟೇಶನ್‌ಗಳಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಬರೀ ನಕಲಿನ ತಪ್ಪುಗಳು, ಬೀಡಿ ಅಲ್ಲ, ಬಿಸಿಲಲ್ಲ, ಅಪ್ಪ ಅಮ್ಮನದ್ದೂ ಅಲ್ಲ. ದೊಡ್ಡ ಜಗಳ ಆಯ್ತು ಇದರ ಮೇಲೆ. ಮೂರರಲ್ಲಿ ಎರಡು ಮ್ಯುಟೇಶನ್ ಅಂದರೆ ಮೂರರಲ್ಲಿ ಎರಡು ಕ್ಯಾನ್ಸರ್ ತಡೆಯೋಕಾಗಲ್ಲ ಅಂತ ಅರ್ಥ ಅಲ್ಲ. ಒಂದು ಕ್ಯಾನ್ಸರಿಗೆ ಎರಡು ಮೂರು ತಪ್ಪು ಒಟ್ಟಿಗೆ ಬೇಕು, ಅದರಲ್ಲಿ ಒಂದನ್ನು ತಪ್ಪಿಸಿದರೂ ಸಾಕು. ಅದನ್ನು ಪೇಪರಿನವರು ಬಿಟ್ಟರು, ‘ಕ್ಯಾನ್ಸರ್ ಬರೀ ದುರದೃಷ್ಟ’ ಅಂತ ಹಾಕಿದರು. ಆದರೂ ಚಿಕ್ಕಮ್ಮನ ವಿಷಯದಲ್ಲಿ ನಾನು ಹೇಳೋದು ಇಷ್ಟೇ, 286ನೇ ಮಣಿ ಬದಲಾಗಿದ್ದು ಅವರು ತಿಂದ ಯಾವುದರಿಂದಲೂ ಅಲ್ಲ. ಹಣೆಬರಹ ಅಂತೀವಲ್ಲ, ಅದು ಬರೆಯುವಾಗ ಆದ ತಪ್ಪು, ಅಷ್ಟೇ.

ಒಂದು ಕಥೆ ಹೇಳಿ ಬಿಡ್ತೀನಿ, ವಿಷಯ ಬಿಟ್ಟು ಹೋದರೂ ಪರವಾಗಿಲ್ಲ. ಪೋಲ್-ಈ ಡಿಎನ್‌ಎಯ ಒಂದು ಎಳೆಯನ್ನು ನಿಲ್ಲದೆ ಬರೀತಾನೆ ಅಂದೆನಲ್ಲ, ಇನ್ನೊಂದು ಎಳೆಯನ್ನು ತುಂಡು ತುಂಡಾಗಿ ಬರೆಯಬೇಕಾಗುತ್ತೆ, ಆ ತುಂಡುಗಳಿಗೆ ಒಕಜಾಕಿ ತುಂಡು ಅಂತ ಹೆಸರು. ಜಪಾನಿನ ನಾಗೋಯಾದಲ್ಲಿ ರೇಜಿ ಒಕಜಾಕಿ, ಅವರ ಹೆಂಡತಿ ತ್ಸುನೆಕೋ 1960ರ ದಶಕದಲ್ಲಿ ಕಂಡುಹಿಡಿದರು. ರೇಜಿ ಹುಡುಗನಾಗಿದ್ದಾಗ ಹಿರೋಶಿಮಾದಲ್ಲಿದ್ದರು. ಬಾಂಬು ಬಿದ್ದಾಗ ವಿಕಿರಣ ತಗುಲಿತ್ತು. 1975ರಲ್ಲಿ, 44ನೇ ವಯಸ್ಸಿಗೆ ಲ್ಯುಕೇಮಿಯಾದಿಂದ ಹೋದರು. ತ್ಸುನೆಕೋ ಅದೇ ಕೆಲಸ ಮುಂದುವರಿಸಿದರು. ಪ್ರತಿ ಸಲ ಕ್ಲಾಸಿನಲ್ಲಿ ಆ ತುಂಡುಗಳ ಚಿತ್ರ ಬರೆಯುವಾಗ ನನಗೆ ಕೈ ಒಂದು ಕ್ಷಣ ನಿಲ್ಲುತ್ತೆ.

ಕಾನುಮನೆ ಬರೆದದ್ದು:

ನಾನು ಶಿರಸಿ ಕಡೆಯವನು, ಓದಿದ್ದು ಅರಣ್ಯಶಾಸ್ತ್ರ. ಡಿಎನ್‌ಎ ವಿಷಯ ನನ್ನದಲ್ಲ, ಆದರೆ ನಕಲು ನಿಲ್ಲಿಸೋ ಔಷಧಿ ಅಂದಿದ್ದಕ್ಕೆ ಬಾಯಿ ತಡೆಯಲಿಲ್ಲ. ನಮ್ಮ ಘಟ್ಟದಲ್ಲಿ ಒಂದು ಮರ ಇದೆ, ದುರ್ವಾಸನೆ ಮರ ಅಂತಾರೆ. ಹೂ ಬಿಟ್ಟಾಗ ಹತ್ತಿರ ಹೋದರೆ ಮೂಗು ಮುಚ್ಚಿಕೊಳ್ಳಬೇಕು. ಅದರ ತೊಗಟೆ, ಬೇರಿನಲ್ಲಿ ಕ್ಯಾಂಪ್ಟೊಥೆಸಿನ್ ಇದೆ. ಆ ವಸ್ತು ಮೊದಲು ಸಿಕ್ಕಿದ್ದು ಚೀನಾದ ಒಂದು ಮರದಲ್ಲಿ, 1966ರಲ್ಲಿ, ಮನ್ರೋ ವಾಲ್ ಮತ್ತು ನಮ್ಮ ಮಹಾರಾಷ್ಟ್ರದಲ್ಲಿ ಹುಟ್ಟಿದ ಮನ್ಸುಖ್ ವಾನಿ ಕಂಡುಹಿಡಿದರು. ಆಮೇಲೆ ಇಲ್ಲಿಯ ಮರದಲ್ಲೂ ಇದೆ ಅಂತ ಗೊತ್ತಾಗಿ ಕಾಡಿನಲ್ಲಿ ಕಡಿದದ್ದೇ ಕಡಿದದ್ದು. ಬೇರು ಸಮೇತ ಕಿತ್ತರು. ನಾನು ಚಿಕ್ಕವನಿದ್ದಾಗ ತೋಟದ ಮೇಲಿನ ಕಾನಿನಲ್ಲಿ ಎಷ್ಟೋ ಇದ್ದವು, ಈಗ ಹುಡುಕಿದರೆ ಮೂರು.

ಅದು ಕೆಲಸ ಮಾಡೋದು ಹೇಗೆ ಅಂತ ಯಾರಾದರೂ ಹೇಳಿ, ಎಲ್ಲೋ ಓದಿದ್ದೆ, ಮರೆತುಹೋಗಿದೆ.

ಯೀಸ್ಟ್‌ಹುಡುಗಿ ಬರೆದದ್ದು:

ಹಗ್ಗ ಹೊಸೆಯೋದು ನೋಡಿರ್ತೀರಲ್ಲ ಕಾನುಮನೆ ಅವರೇ. ಹೊಸೆದ ಹಗ್ಗದ ಎರಡು ಎಳೆಯನ್ನು ಒಂದು ಕಡೆಯಿಂದ ಬಿಡಿಸುತ್ತಾ ಹೋದರೆ ಮುಂದಿನ ಭಾಗ ಇನ್ನೂ ಬಿಗಿಯಾಗಿ ಸುತ್ತಿಕೊಂಡು ಗಂಟು ಗಂಟಾಗುತ್ತೆ. ಡಿಎನ್‌ಎ ನಕಲಾಗುವಾಗಲೂ ಅದೇ. ಟೋಪೋಐಸೋಮರೇಸ್ 1 ಅನ್ನುವ ಪ್ರೋಟೀನ್ ಮುಂದೆ ಹೋಗಿ ಒಂದು ಎಳೆ ಕತ್ತರಿಸಿ, ಸುತ್ತು ಬಿಡಿಸಿ, ಮತ್ತೆ ಜೋಡಿಸುತ್ತೆ. ನಿಮ್ಮ ಮರದ ವಸ್ತು ಅದನ್ನು ಕತ್ತರಿಸಿದ ಸ್ಥಿತಿಯಲ್ಲೇ ಹಿಡಿದು ನಿಲ್ಲಿಸುತ್ತೆ. ಹಿಂದಿನಿಂದ ನಕಲಿನ ಗಾಡಿ ಬಂದು ಅದಕ್ಕೆ ಡಿಕ್ಕಿ ಹೊಡೆಯುತ್ತೆ, ಡಿಎನ್‌ಎ ಎರಡು ತುಂಡು. ನಕಲು ಮಾಡದೆ ಸುಮ್ಮನಿರುವ ಕೋಶಕ್ಕೆ ಅಷ್ಟು ಪೆಟ್ಟಿಲ್ಲ, ಬೇಗ ಬೇಗ ನಕಲು ಮಾಡೋ ಕೋಶ ಸಾಯುತ್ತೆ. ಅದರಿಂದ ಮಾಡಿದ ಇರಿನೋಟೆಕಾನ್ ಕರುಳಿನ ಕ್ಯಾನ್ಸರಿಗೆ, ಟೋಪೋಟೆಕಾನ್ ಅಂಡಾಶಯದ್ದಕ್ಕೆ ಈಗಲೂ ಕೊಡ್ತಾರೆ.

ಹೆಬ್ಬೆರಳು ಬರೆದದ್ದು:

ನಾನು ಲ್ಯಾಬ್ ಟೆಕ್ನಿಷಿಯನ್. ದೊಡ್ಡವರ ಮಧ್ಯೆ ಒಂದು ಸಣ್ಣ ಮಾತು. ನಕಲಿನ ಪ್ರೋಟೀನ್ ಕೆಟ್ಟರೆ ಕ್ಯಾನ್ಸರ್ ಅಂತ ಎಲ್ಲ ಹೇಳಿದಿರಿ, ಕೆಡದೆ ಇದ್ದರೂ ಇರಬಾರದ ಜಾಗದಲ್ಲಿ ಇದ್ದರೆ ಅದೂ ಸುಳಿವೇ. ಗರ್ಭಕೋಶದ ಬಾಯಿಯ ಚರ್ಮಕ್ಕೆ ಎಂಸಿಎಂ2 ಬಣ್ಣ ಹಾಕಿದರೆ, ಸರಿ ಇರುವ ಹೆಂಗಸಿನಲ್ಲಿ ಕೆಳಗಿನ ಒಂದೆರಡು ಸಾಲು ಮಾತ್ರ ಕಂದು ಆಗುತ್ತೆ. ಎಂಸಿಎಂ ಅಂದರೆ ನಕಲು ಶುರುವಾಗೋ ಮೊದಲು ಡಿಎನ್‌ಎಗೆ ತೊಡಿಸುವ ಉಂಗುರ, ಎಳೆ ಬಿಚ್ಚೋದು ಅದೇ. ಕೋಶ ಮೇಲೆ ಮೇಲೆ ಬಂದ ಹಾಗೆ ನಕಲು ಮಾಡೋದು ಬಿಡುತ್ತೆ, ಉಂಗುರವೂ ಮಾಯ, ಮೇಲಿನ ಸಾಲುಗಳು ಬರೀ ತಿಳಿನೀಲಿ. ಎಚ್‌ಪಿವಿ ವೈರಸ್ ಹೊಕ್ಕು ಕ್ಯಾನ್ಸರಿನ ಕಡೆ ಹೊರಟ ಜಾಗದಲ್ಲಿ ಕಂದು ಮೇಲಿನ ಸಾಲಿನವರೆಗೂ ಹತ್ತಿರುತ್ತೆ. ವೈರಸ್ಸಿನ ಈ7 ಅನ್ನುವ ಪ್ರೋಟೀನ್ ನಮ್ಮ ಕೋಶದ ಬ್ರೇಕನ್ನು ಕಿತ್ತು ಹಾಕುತ್ತೆ, ನಿಲ್ಲಬೇಕಾದ ಕೋಶ ನಕಲಿಗೆ ಕೂತೇ ಇರುತ್ತೆ. ಕೇಂಬ್ರಿಜ್‌ನವರು 1998ರಲ್ಲಿ ಪ್ಯಾಪ್ ಪರೀಕ್ಷೆಗೆ (ಗರ್ಭಕೋಶದ ಬಾಯಿಯ ಕೋಶ ತೆಗೆದು ನೋಡೋದು) ನಕಲಿನ ಇಂಥ ಪ್ರೋಟೀನ್‌ಗಳ ಬಣ್ಣವನ್ನು ಬಳಸಬಹುದು ಅಂತ ತೋರಿಸಿದರು.

ಬೆಣ್ಣೆದೋಸೆ ಸರ್, ಕೆಲಸದ ಮಾತು ಹೇಳ್ತೀನಿ. ಚಿಕ್ಕಮ್ಮನ ಬ್ಲಾಕ್ ಎಲ್ಲಿದೆ? ಗಡ್ಡೆಯ ತುಂಡನ್ನು ಮೇಣದಲ್ಲಿ ಇಟ್ಟಿರ್ತಾರಲ್ಲ, ಸಣ್ಣ ಪ್ಲಾಸ್ಟಿಕ್ ಪೆಟ್ಟಿಗೆ, ಬೆಂಕಿಪೊಟ್ಟಣಕ್ಕಿಂತ ಚಿಕ್ಕದು. ಜೀನ್ ಟೆಸ್ಟಿಗೆ ಕಳಿಸಿದ್ದು ವಾಪಸ್ ಬಂದಿರುತ್ತೆ. ಮುಂದೆ ಯಾವ ಡಾಕ್ಟರ್ ಹತ್ತಿರ ಹೋದರೂ ಮೊದಲು ಕೇಳೋದು ಅದನ್ನೇ. ನಮ್ಮಲ್ಲಿ ಎಷ್ಟೋ ಜನ ಅದೇನೋ ಕಸ ಅಂತ ಎಸೆದು ಆಮೇಲೆ ಅಳ್ತಾರೆ. ಬಿಸಿಲಿಗೆ ಇಡಬೇಡಿ, ಮೇಣ ಕರಗುತ್ತೆ.

ಅರಳಿಕಟ್ಟೆ ಬರೆದದ್ದು:

ನಾನು ಮೇಲೆ ಬರೆದದ್ದು ವಾಪಸ್ ತಗೋತೀನಿ. ಸೋದರತ್ತೆಗೆ ಈ ಟೆಸ್ಟ್ ಯಾರೂ ಮಾಡಿಸಿರಲಿಲ್ಲ. ಇಷ್ಟು ವರ್ಷದ ಮೇಲೆ ಅವರ ಬ್ಲಾಕ್ ಸಿಗುತ್ತಾ? ಸುಮ್ನೆ ಕೇಳಿದೆ.

ಹೆಬ್ಬೆರಳು ಬರೆದದ್ದು:

ಕೆಲವು ಕಡೆ ಹತ್ತು ವರ್ಷ ಇಟ್ಟಿರ್ತಾರೆ ಸರ್, ಕೆಲವು ಕಡೆ ಅದಕ್ಕೂ ಜಾಸ್ತಿ. ಪೆಥಾಲಜಿ ನಂಬರ್ ಹಿಡಿದುಕೊಂಡು ಹೋಗಿ ಕೇಳಿ. ಬಿಲ್ ನಂಬರ್ ಅಲ್ಲ.

ಬೆಣ್ಣೆದೋಸೆ ಬರೆದದ್ದು:

ಬ್ಲಾಕ್ ಸಿಕ್ಕಿತು! ಹೋದ ವಾರ ಕವರಿನಲ್ಲಿ ಕೊರಿಯರ್ ಬಂದಿತ್ತಂತೆ, ಚಿಕ್ಕಮ್ಮ ಸಹಿ ಹಾಕಿ ತಗೊಂಡಿದ್ದಾರೆ. ಎಲ್ಲಿಟ್ಟಿದ್ದೀರಿ ಅಂದರೆ ಬೀರು ತೆಗೆದರು. ರೇಷ್ಮೆ ಸೀರೆ ಮಧ್ಯೆ, ಬಂಗಾರದ ಡಬ್ಬಿ ಪಕ್ಕದಲ್ಲಿ, ಅರಿಶಿನದ ಬಟ್ಟೆ ಸುತ್ತಿ ಇಟ್ಟಿದ್ದಾರೆ. ‘ನನ್ನ ಮೈಯದೇ ಅಲ್ವೇನೋ, ಎಲ್ಲೆಂದರಲ್ಲಿ ಇಡೋಕಾಗುತ್ತಾ’ ಅಂದರು. 286ನೇ ಮಣಿಯ ಕಥೆ ಹೇಳಿದೆ. ಪೂರ್ತಿ ಕೇಳಿಸಿಕೊಂಡು, ‘ಹಾಗಾದರೆ ಆ ಎರಡು ತಿಂಗಳು ಜೀರಿಗೆ ನೀರು ಕುಡಿದದ್ದರಿಂದ ಬಂದಿದ್ದಲ್ಲ ತಾನೇ’ ಅಂತ ಕೇಳಿದರು. ಅಲ್ಲ ಚಿಕ್ಕಮ್ಮ ಅಂದೆ.

ಬೆಂಗಳೂರಿನ ರೂಮಿನವರು ಅಡ್ವಾನ್ಸ್ ವಾಪಸ್ ಕೊಡಲ್ಲ ಅಂತಿದ್ದಾರೆ, ಅದಕ್ಕೆ ಬೇರೆ ಥ್ರೆಡ್ ಹಾಕ್ತೀನಿ.